ಪಠ್ಯಪುಸ್ತಕದ ರೈಫಲ್ಲು ಮತ್ತು ಮನೆಯಲ್ಲಿ ಬದಲಿಸುವ ನಳಿಗೆ

ಸಂವೇಗ ಸಂರಕ್ಷಣೆಯ ಪಾಠಕ್ಕೆ ಬಂದಾಗ ನಾವು ಅಧ್ಯಾಪಕರೆಲ್ಲ ಬಂದೂಕಿನ ಮೊರೆ ಹೋಗುತ್ತೇವೆ. ಗುಂಡು ಮುಂದಕ್ಕೆ, ಬಂದೂಕು ಹಿಂದಕ್ಕೆ. ಎರಡರ ಸಂವೇಗವೂ ಸಮ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರೆ ಉತ್ತರ ಸಿದ್ಧ. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕೆಲವು ವಿದ್ಯಾರ್ಥಿಗಳಿಗೆ ಬಂದೂಕು ಬರಿಯ ಉದಾಹರಣೆಯಲ್ಲ. ಗೋವಿನಜೋಳಕ್ಕೆ ಹಂದಿ ನುಗ್ಗುವ ಊರುಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕು ಮನೆಯಲ್ಲಿಯೇ ಇರುತ್ತದೆ. ಅದರ ನಳಿಗೆ ತುಕ್ಕು ಹಿಡಿದಾಗ, "ಅದೇನು, ಒಂದು ಕೊಳವೆ ತಾನೆ? ಲೇತಿನಲ್ಲಿ ಮಾಡಿಸಿ ಮನೆಯಲ್ಲೇ ಕೂರಿಸಿದರಾಯಿತು" ಎಂಬ ಮಾತು ಸಹಜವಾಗಿ ಬರುತ್ತದೆ. ಈ ಮಾತು ಅಪಾಯಕಾರಿ ಎಂದು ವಿದ್ಯಾರ್ಥಿಗೆ ತಾನಾಗಿ ಹೊಳೆಯಬೇಕಿತ್ತು. ಹೊಳೆಯದಿರುವುದಕ್ಕೆ ನಮ್ಮ ಪಠ್ಯದ ಲೆಕ್ಕಗಳೂ ಒಂದು ಕಾರಣ ಎಂಬುದು ನನ್ನ ಆಕ್ಷೇಪ.

ಕ್ರಿಕೆಟ್ ಚೆಂಡಿಗಿಂತ ಬಡವಾದ ಗುಂಡು

2006ರಲ್ಲಿ ಹೊರಬಂದ ಎನ್‌ಸಿಇಆರ್‌ಟಿಯ 9ನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಒಂದು ಲೆಕ್ಕವಿತ್ತು. ರೈಫಲ್ಲಿನ ದ್ರವ್ಯರಾಶಿ 4 ಕೆ.ಜಿ., ಗುಂಡಿನದು 50 ಗ್ರಾಂ, ಗುಂಡಿನ ವೇಗ ಸೆಕೆಂಡಿಗೆ 35 ಮೀಟರ್. ರೈಫಲ್ಲು ಹಿಂದಕ್ಕೆ ಒದೆಯುವ ವೇಗ ಎಷ್ಟು? ಸೆಕೆಂಡಿಗೆ ಸುಮಾರು 0.44 ಮೀಟರ್ ಎಂಬ ಉತ್ತರದಲ್ಲಿ ಗಣಿತದ ದೋಷವಿಲ್ಲ.

ಆದರೆ ಸೆಕೆಂಡಿಗೆ 35 ಮೀಟರ್ ಎಂದರೆ ಗಂಟೆಗೆ 126 ಕಿ.ಮೀ. ಇದು ಸಾಧಾರಣ ವೇಗದ ಬೌಲರ್ ಎಸೆಯುವ ಚೆಂಡಿನ ವೇಗ! ಈ ಗುಂಡಿನ ಚಲನಶಕ್ತಿ ಸುಮಾರು 31 ಜೂಲ್. ಗಂಟೆಗೆ 140 ಕಿ.ಮೀ. ವೇಗದಲ್ಲಿ ಬರುವ 160 ಗ್ರಾಮಿನ ಕ್ರಿಕೆಟ್ ಚೆಂಡಿನದು ಸುಮಾರು 120 ಜೂಲ್. ಅಂದರೆ ಪುಸ್ತಕದ ಗುಂಡಿಗಿಂತ ಬೌಲರನ ಚೆಂಡೇ ನಾಲ್ಕು ಪಟ್ಟು ಬಲಶಾಲಿ. ನಿಜವಾದ ಪಾಯಿಂಟ್ 303 ರೈಫಲ್ಲಿನ ಗುಂಡಿನ ದ್ರವ್ಯರಾಶಿ ಸುಮಾರು 11.3 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 744 ಮೀಟರ್, ಚಲನಶಕ್ತಿ 3,100 ಜೂಲಿಗೂ ಹೆಚ್ಚು. ಪುಸ್ತಕದ ಲೆಕ್ಕದಲ್ಲಿ ವಾಸ್ತವಕ್ಕೆ ಹತ್ತಿರವಾಗಿದ್ದುದು ರೈಫಲ್ಲಿನ 4 ಕೆ.ಜಿ. ಮಾತ್ರ.

"ಸಂವೇಗದ ನಿಯಮಕ್ಕೆ ಯಾವ ಸಂಖ್ಯೆಯಾದರೇನು? ಭಾಗಾಕಾರ ಸುಲಭವಾದರೆ ಸಾಕು" ಎಂದು ಕೆಲವರು ಹೇಳಬಹುದು. ನಿಯಮದ ಮಟ್ಟಿಗೆ ಈ ಸಮರ್ಥನೆ ಸರಿ. ಆದರೆ ವಿದ್ಯಾರ್ಥಿ ನಿಯಮದ ಜೊತೆಗೆ ಪ್ರಮಾಣದ ಅಂದಾಜನ್ನೂ ಕಲಿಯುತ್ತಾನೆ. ತಪ್ಪು ಸಂಖ್ಯೆ ತಪ್ಪು ಅಂದಾಜನ್ನು ಬೆಳೆಸುತ್ತದೆ. ಅದರ ಪರಿಣಾಮ ಎಲ್ಲಿಗೆ ಹೋಗುತ್ತದೆಂದು ಒಂದು ಹೆಜ್ಜೆ ಮುಂದೆ ನೋಡೋಣ.

ಹತ್ತು ಕೆ.ಜಿ. ಪೈಪೋ, ಮೂರು ಸಾವಿರ ಕೆ.ಜಿ. ನಳಿಗೆಯೋ?

ನಮ್ಮ ರೈತರು ನೀರಾವರಿಗೆ ಪಿವಿಸಿ ಪೈಪು ಕೊಳ್ಳುವಾಗ "ನಾಲ್ಕು ಕೆ.ಜಿ.ಯದೋ, ಆರು ಕೆ.ಜಿ.ಯದೋ" ಎಂದು ಕೇಳುತ್ತಾರೆ. ಚದರ ಸೆಂಟಿಮೀಟರಿಗೆ ಅಷ್ಟು ಕೆ.ಜಿ. ಒತ್ತಡವನ್ನು ತಾಳುವ ಪೈಪು ಎಂದು ಅದರ ಅರ್ಥ. ಇದೇ ಅಳತೆಗೋಲಿನಿಂದ ನಳಿಗೆಯನ್ನು ಅಳೆಯಬಹುದು.

ಪಾಯಿಂಟ್ 303 ರೈಫಲ್ಲಿನ ನಳಿಗೆಯ ಉದ್ದ ಸುಮಾರು 64 ಸೆಂ.ಮೀ., ರಂಧ್ರದ ವ್ಯಾಸ 7.7 ಮಿ.ಮೀ. ವೇಗದ ವರ್ಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸರಾಸರಿ ವೇಗೋತ್ಕರ್ಷ ಸಿಗುತ್ತದೆ. ಅದನ್ನು ಗುಂಡಿನ ದ್ರವ್ಯರಾಶಿಯಿಂದ ಗುಣಿಸಿದರೆ ಬಲ: ಸುಮಾರು 4,900 ನ್ಯೂಟನ್. ರಂಧ್ರದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ: ಚದರ ಸೆಂಟಿಮೀಟರಿಗೆ ಸುಮಾರು 1,070 ಕೆ.ಜಿ. ಇದು ಸರಾಸರಿ ಮಾತ್ರ. ಮದ್ದು ಹತ್ತಿಕೊಂಡ ಮೊದಲ ಕ್ಷಣಗಳಲ್ಲಿ ಅದು 3,000 ಕೆ.ಜಿ.ಯನ್ನೂ ದಾಟುತ್ತದೆ.

ಈಗ ಪುಸ್ತಕದ ಸಂಖ್ಯೆಗಳನ್ನು ಇದೇ ನಳಿಗೆಗೆ ಹಾಕಿ. ಬರುವ ಸರಾಸರಿ ಒತ್ತಡ ಸುಮಾರು 10 ಕೆ.ಜಿ.! ಅಂದರೆ ಪುಸ್ತಕದ ರೈಫಲ್ಲಿನ ನಳಿಗೆಗೆ ಹೊಲದ ಪ್ಲಾಸ್ಟಿಕ್ ಪೈಪೇ ಸಾಕೆಂಬಂತಾಯಿತು. (ಸೀಸದಲ್ಲಿ ಮಾಡಿದ 50 ಗ್ರಾಮಿನ ಗುಂಡು ಈ ರಂಧ್ರದಲ್ಲಿ ಒಂಬತ್ತು ಸೆಂ.ಮೀ.ಗೂ ಉದ್ದವಿರಬೇಕಾಗುತ್ತದೆ. ರಂಧ್ರ ದೊಡ್ಡದೆಂದುಕೊಂಡರೆ ಒತ್ತಡ ಇನ್ನೂ ಕಡಿಮೆಯಾಗುತ್ತದೆ.) "ನಳಿಗೆ ಎಂದರೆ ಒಂದು ಕೊಳವೆ ತಾನೆ" ಎಂಬ ಮಾತನ್ನು ನಮ್ಮ ಪಠ್ಯವೇ ಲೆಕ್ಕ ಹಾಕಿ ಸಮರ್ಥಿಸಿದಂತಾಗಲಿಲ್ಲವೆ?

ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮದ್ದಿನ ಅನಿಲದ ಒತ್ತಡವನ್ನು ಸುಮಾರು ಸಾವಿರ ವಾಯುಮಂಡಲದಷ್ಟೆಂದು ಅಂದಾಜು ಮಾಡಿದ್ದ. ತೂಗಾಡುವ ಲೋಲಕಕ್ಕೆ ಗುಂಡು ಹೊಡೆದು, ಲೋಲಕ ಏರಿದ ಎತ್ತರದಿಂದ ಸೆಕೆಂಡಿಗೆ ಸುಮಾರು 500 ಮೀಟರ್ ವೇಗವನ್ನು ಅಳೆದಿದ್ದ. ಈತ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಎರಡೂವರೆ ಶತಮಾನದ ಹಿಂದಿನ ಗ್ರಂಥದಲ್ಲಿದ್ದ ಪ್ರಮಾಣಪ್ರಜ್ಞೆ ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಕೊಳವೆ ಏಕೆ ಸೀಳುತ್ತದೆ?

ಒಳಗಿನ ಒತ್ತಡ ಕೊಳವೆಯ ಗೋಡೆಯನ್ನು ಸುತ್ತಳತೆಯ ಗುಂಟ ಎಳೆಯುತ್ತದೆ. ಈ ಪೀಡನ ಸ್ಥೂಲವಾಗಿ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿದಷ್ಟು. ದಪ್ಪ ತ್ರಿಜ್ಯದ ಮೂರನೆಯ ಒಂದರಷ್ಟಿದ್ದರೆ ಪೀಡನವು ಒತ್ತಡದ ಮೂರು ಪಟ್ಟು; ಕರಾರುವಾಕ್ಕಾಗಿ ನೋಡಿದರೆ ಒಳಮೈಯಲ್ಲಿ ಇನ್ನೂ ಹೆಚ್ಚು. 3,000 ಕೆ.ಜಿ. ಒತ್ತಡಕ್ಕೆ 9,000 ಕೆ.ಜಿ. ಪೀಡನ! ಸಾಮಾನ್ಯ ಮೆದು ಉಕ್ಕು ಸುಮಾರು 2,500 ಕೆ.ಜಿ.ಗೇ ಮಣಿಯುತ್ತದೆ. ತೋಟಾ ಬಂದೂಕಿನಲ್ಲಿ ಒತ್ತಡ ರೈಫಲ್ಲಿಗಿಂತ ಕಡಿಮೆ, ನಿಜ; ಆದರೂ ಅದು ನೂರಾರು ಕೆ.ಜಿ. ಇನ್ನು ಬಾಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಎಷ್ಟು ತುಂಬಬೇಕೆಂಬುದು ಕೈಯ ಅಳತೆ. ಆದ್ದರಿಂದ ಒತ್ತಡಕ್ಕೆ ಮೇಲ್ಮಿತಿಯೇ ಇಲ್ಲ.

ಲೋಹ ಗಟ್ಟಿಯಿದ್ದರೂ ಕೆಲಸ ಮುಗಿಯದು. ತೋಟಾ ಕೂರುವ ಕೋಣೆಗೂ ಅದನ್ನು ಹಿಂದಿನಿಂದ ತಡೆಯುವ ಬೋಲ್ಟಿಗೂ ನಡುವಿನ ಅಂತರ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಹೆಚ್ಚಾದರೂ ಹಿತ್ತಾಳೆಯ ಕೋಶ ಹರಿಯಬಹುದು. ಆಗ ಬಿಸಿ ಅನಿಲ ನುಗ್ಗುವುದು ಗುಂಡು ಹಾರಿಸುವವನ ಮುಖದ ಕಡೆಗೆ. ಅಮೆರಿಕದಲ್ಲಿ ಕೆಲವು ರೈಫಲ್ಲುಗಳ ನಳಿಗೆಯನ್ನು ಮನೆಯಲ್ಲೇ ಬದಲಿಸುವವರಿದ್ದಾರೆ. ಆದರೆ ಅವರು ಜೋಡಿಸುವುದು ಕಾರ್ಖಾನೆಯಲ್ಲಿ ತಯಾರಾದ ನಳಿಗೆಯನ್ನು. ಈ ಅಂತರವನ್ನು ಪರೀಕ್ಷಿಸಲು ಅದಕ್ಕೆಂದೇ ಇರುವ ಮಾಪಕಗಳೂ ಅವರ ಬಳಿ ಇರುತ್ತವೆ. ಕಾರ್ಖಾನೆಗಳಲ್ಲಿ ಬಂದೂಕುಗಳನ್ನು ವಾಡಿಕೆಯ ಗರಿಷ್ಠಕ್ಕಿಂತ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ, ಮುದ್ರೆ ಹಾಕುತ್ತಾರೆ. ಊರಿನ ಲೇತಿನಲ್ಲಿ ಈ ಪರೀಕ್ಷೆಗೆ ಒಳಗಾಗುವುದು ಕೊಂಡವನ ಕೈ ಮತ್ತು ಕಣ್ಣು.

ನಮ್ಮ ಕಡೆ ನಳಿಗೆ ಕೆಡುವುದು ಹೆಚ್ಚು ಗುಂಡು ಹಾರಿಸಿ ಅಲ್ಲ. ವರ್ಷಕ್ಕೆ ಕೆಲವೇ ಸಲ ಹಾರುವ ಬಂದೂಕನ್ನು ಕೊಲ್ಲುವುದು ಮಳೆಗಾಲ. ಕಪ್ಪು ಮದ್ದು ಸುಟ್ಟು ಉಳಿದ ಪೊಟ್ಯಾಸಿಯಂ ಲವಣಗಳು ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ತುಕ್ಕಿನ ಒಂದೊಂದು ಕುಳಿಯೂ ಪೀಡನ ಒಟ್ಟುಗೂಡುವ ಜಾಗ. ಕಾಲಕಾಲಕ್ಕೆ ಒರೆಸಿ ಎಣ್ಣೆ ಹಚ್ಚಿದರೆ ನಳಿಗೆ ಬದಲಿಸುವ ಪ್ರಶ್ನೆಯೇ ಬಹುಮಟ್ಟಿಗೆ ಏಳದು.

ಕಾನೂನೂ ಭೌತಶಾಸ್ತ್ರದ ಪಕ್ಷದಲ್ಲಿಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕಿನ ಬಿಡಿಭಾಗವೂ ಶಸ್ತ್ರವೇ. ತಯಾರಿಕೆ, ದುರಸ್ತಿ, ಪರೀಕ್ಷೆಗಳಿಗೆ ಬೇರೆಯೇ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಇದಕ್ಕೆ ಸಾಲದು. 2019ರ ತಿದ್ದುಪಡಿ ಶಿಕ್ಷೆಯನ್ನು ಇನ್ನಷ್ಟು ಕಠಿಣಗೊಳಿಸಿದೆ. ನಳಿಗೆ ಕೆಟ್ಟರೆ ಪರವಾನಗಿ ಇರುವ ದುರಸ್ತಿಗಾರರ ಬಳಿ ಹೋಗುವುದೊಂದೇ ದಾರಿ.

ಅಧ್ಯಾಪಕರಲ್ಲಿ ನನ್ನ ಸಲಹೆ ಸರಳ. ಬಂದೂಕಿನ ಲೆಕ್ಕ ಕೊಡುವುದಾದರೆ ನಿಜವಾದ ಸಂಖ್ಯೆ ಕೊಡಿ. ಹಿಂದೊದೆತದ ವೇಗ ಸಿಕ್ಕೊಡನೆ ನಿಲ್ಲಿಸದೆ ಮೂರು ಪ್ರಶ್ನೆ ಸೇರಿಸಿ: ಗುಂಡಿನ ಮೇಲಿನ ಸರಾಸರಿ ಬಲವೆಷ್ಟು? ನಳಿಗೆಯೊಳಗಿನ ಒತ್ತಡವೆಷ್ಟು? ನಿಮ್ಮ ಹೊಲದ ಪೈಪಿನ ಮೇಲೆ ಬರೆದಿರುವ ಒತ್ತಡಕ್ಕೆ ಅದು ಎಷ್ಟು ಪಟ್ಟು? ಬಲ, ವೇಗೋತ್ಕರ್ಷ, ಒತ್ತಡಗಳನ್ನು ಪ್ರೌಢಶಾಲೆಯ ವಿದ್ಯಾರ್ಥಿ ಬಲ್ಲ. ಮೂರನೆಯ ಉತ್ತರ ಬರೆದ ವಿದ್ಯಾರ್ಥಿ ಮನೆಗೆ ಹೋಗಿ "ಅದು ಬರಿಯ ಕೊಳವೆಯಲ್ಲ" ಎಂದು ಹೇಳಬಲ್ಲ. ಏಕೆ ಎಂದು ಕೇಳಿದರೆ ಲೆಕ್ಕವನ್ನೂ ತೋರಿಸಬಲ್ಲ.