ಮರೂನ್ ಪೆಟ್ಟಿಗೆಯ ರಿವಾಲ್ವರ್

ನನಗೆ ಒಂದು ರಿವಾಲ್ವರ್ ಇಷ್ಟ ಎಂದರೆ ಸ್ಟಾಫ್ ರೂಮಿನಲ್ಲಿ ನಗು ಏಳುತ್ತದೆ. ಟೀಚರಿಗೆ ಬೆತ್ತ ಸಾಲದೆ ಹೋಯಿತೋ ಎಂದು ಕೇಳುತ್ತಾರೆ. ನಾನೂ ನಗುತ್ತೇನೆ. ಆದರೆ ಇಷ್ಟ ಎಂಬುದೇನೂ ಸುಳ್ಳಲ್ಲ.

ಅದು ನನ್ನ ಸೋದರಮಾವನದು. ಅವರ ಮನೆ ಬಿಳಿನೆಲೆಯ ಕಡೆ. ಈಗ ಅದು ಕಡಬ ತಾಲೂಕು, ಆಗ ಪುತ್ತೂರಿಗೇ ಸೇರಿತ್ತು. ಅಡಿಕೆ ಮಾರಿದ ಹಣ ತರುವಾಗ ಜೊತೆಗಿರಲಿ ಎಂದು ಅದಕ್ಕೆ ಲೈಸೆನ್ಸ್ ಮಾಡಿಸಿಕೊಂಡಿದ್ದರಂತೆ. ನಾನು ಮೊದಲು ನೋಡಿದ್ದು ಹನ್ನೆರಡನೆಯ ವಯಸ್ಸಿನಲ್ಲಿ, 1980ರ ಆಯುಧಪೂಜೆಗೆ. ಕತ್ತಿ, ಹಾರೆ, ಪಿಕ್ಕಾಸುಗಳ ಸಾಲಿನಲ್ಲಿ ಮಂಗ ಓಡಿಸುವ ಉದ್ದ ಕೋವಿ. ಅದರ ಪಕ್ಕದಲ್ಲಿ ಅಮ್ಮನ ಪಕ್ಕ ಕುಳಿತ ಮಗುವಿನ ಹಾಗೆ ಈ ಪುಟ್ಟದು. ಅದಕ್ಕೂ ಗಂಧ, ಅದಕ್ಕೂ ಒಂದು ಚೆಂಡುಹೂ.

ಇಂಗ್ಲೆಂಡಿನ ವೆಬ್ಲಿ ಕಂಪೆನಿಯ .32 ಅಳತೆಯದು, ಆರು ತೋಟೆಗಳದ್ದು. ಪೂಜೆ ಮುಗಿದ ಮೇಲೆ ಮಾವ ತೋಟೆ ಇಲ್ಲದ್ದನ್ನು ನನ್ನ ಕೈಗೆ ಕೊಟ್ಟು, ಹೆಬ್ಬೆರಳಿನಿಂದ ಒಂದು ಸಣ್ಣ ಕೀಲನ್ನು ಒತ್ತಲು ಹೇಳಿದರು. ಒತ್ತಿದೆ. ಅಡಕತ್ತರಿ ಬಾಯಿ ಬಿಟ್ಟ ಹಾಗೆ ಅದು ನಡುವಿನಲ್ಲಿ ಮಡಚಿಕೊಂಡು ನಳಿಗೆ ಕೆಳಕ್ಕೆ ಬಾಗಿತು. ಅದೇ ಹೊತ್ತಿಗೆ ಸಿಲಿಂಡರಿನ ನಡುವಿನಿಂದ ನಕ್ಷತ್ರದ ಆಕಾರದ ಬಿಲ್ಲೆಯೊಂದು ಮೇಲೆದ್ದು ಪಟಕ್ಕನೆ ಒಳಗೆ ಹೋಯಿತು. ಸುಟ್ಟ ತೋಟೆಗಳಿದ್ದರೆ ಆರನ್ನೂ ಆ ಬಿಲ್ಲೆಯೇ ಹೊರಗೆ ಹಾಕುತ್ತದೆ. ಮತ್ತೆ ಮೇಲಕ್ಕೆತ್ತಿ ಮುಚ್ಚಿದರೆ ಕಟಕ್ ಎಂದು ಸದ್ದು. ಗೋದ್ರೆಜ್ ಕಪಾಟಿಗೂ ಹಾಗೆ ಮುಚ್ಚಿಕೊಳ್ಳಲು ಬರುವುದಿಲ್ಲ.

ಅದರ ಚೆಲುವು ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಅದರಲ್ಲಿ ಮುಚ್ಚುಮರೆ ಇಲ್ಲ. ತೋಟೆ ಉಂಟೋ ಇಲ್ಲವೋ ಎಂದು ತೆರೆದು ಕಣ್ಣಾರೆ ನೋಡಬಹುದು. ಟ್ರಿಗರ್ ಎಳೆದರೆ ಸಿಲಿಂಡರ್ ಒಂದು ಮನೆ ತಿರುಗಿ ಮುಂದಿನ ತೋಟೆಯನ್ನು ನಳಿಗೆಯ ಎದುರು ತಂದು ನಿಲ್ಲಿಸುತ್ತದೆ; ಹ್ಯಾಮರ್ ಹಿಂದಕ್ಕೆ ಹೋಗಿ ಬೀಳುತ್ತದೆ. ಇಷ್ಟೇ ಕೆಲಸ, ಇಷ್ಟೂ ಕಾಣುತ್ತದೆ. ಆದರೆ ಆ ಟ್ರಿಗರ್ ಎಳೆಯಲು ನನಗೆ ಎರಡು ಕೈಯ ಬೆರಳೂ ಬೇಕಾದವು. ಮಾವ ನಕ್ಕು, "ಇದು ಬೇಗ ಸಿಟ್ಟು ಬರುವವರಿಗೆ ಮಾಡಿದ್ದಲ್ಲ ಮಗಾ" ಎಂದರು.

ಇನ್ನು ಆ ಇನ್ನೊಂದರ ಮಾತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಅದಾಗಿ ಒಂದು ವರ್ಷದ ಮೇಲೆ, 2014ರ ಜನವರಿಯಲ್ಲಿ, ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಿಂದ ಹೆಂಗಸರಿಗೆಂದೇ ಒಂದು ರಿವಾಲ್ವರ್ ಬಂತು. ಹೆಸರು 'ನಿರ್ಭೀಕ್'. ಟೈಟೇನಿಯಂ ಮಿಶ್ರಲೋಹ, 500 ಗ್ರಾಂ ತೂಕ, .32 ಅಳತೆ, ಆರು ತೋಟೆ, ಬೆಲೆ 1,22,360 ರೂಪಾಯಿ. ಕೊಡುತ್ತಿದ್ದುದು ಒಡವೆ ಇಡುವಂಥ ಮರೂನ್ ಬಣ್ಣದ ಪೆಟ್ಟಿಗೆಯಲ್ಲಿ.

ಆಗ ನನ್ನ ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಳು. ಪತ್ರಿಕೆಯ ಆ ಚಿತ್ರವನ್ನು ಕತ್ತರಿಸಿ ಇಟ್ಟುಕೊಂಡೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ರಾತ್ರಿ ಒಂಬತ್ತು ದಾಟಿ ಅವಳು ಫೋನ್ ಎತ್ತದಿದ್ದರೆ ಎದೆಯೊಳಗೆ ಏನಾಗುತ್ತದೆ ಎಂದು ತಾಯಂದಿರಿಗೆ ವಿವರಿಸಬೇಕಾಗಿಲ್ಲ. ನಾಲ್ಕು ತಿಂಗಳ ಸಂಬಳ ಹೋದರೂ ಹೋಗಲಿ ಎಂದು ಬಿಳಿನೆಲೆಗೆ ಬಸ್ಸು ಹತ್ತಿದೆ.

ಮಾವ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಮಾಲು ಒಳ್ಳೆಯದೇ. ನಮ್ಮದರ ಜಾತಿಯದೇ. ಆದರೆ ಹಗುರಾದಷ್ಟೂ ಕೈಗೆ ಒದೆ ಜಾಸ್ತಿ" ಎಂದರು. ನನಗೆ ಇದು ಹೊಳೆದಿರಲಿಲ್ಲ. ಅದೇ ತೋಟೆಯನ್ನು ತೂಕ ಕಡಿಮೆಯದರಿಂದ ಹಾರಿಸಿದರೆ ಅದು ಹೆಚ್ಚು ಹಿಂದಕ್ಕೆ ನೆಗೆಯಲೇಬೇಕು. ಒಂಬತ್ತನೆಯ ಕ್ಲಾಸಿಗೆ ನ್ಯೂಟನ್ನನ ಮೂರನೆಯ ನಿಯಮ ಕಲಿಸುವ ನನಗೇ ಮಾವ ಕಲಿಸಬೇಕಾಯಿತು! ಹಾಗಾದರೆ ಹೆಂಗಸರಿಗೆಂದು ಅದರಲ್ಲಿ ವಿಶೇಷವಾಗಿ ಮಾಡಿದ್ದೇನು? ತೂಕ ಇಳಿಸಿದ್ದು, ಪೆಟ್ಟಿಗೆಗೆ ಬಣ್ಣ ಹಾಕಿದ್ದು. ತೋಟೆ ಎಲ್ಲಿ ಸಿಗುತ್ತದೆ, ಅಭ್ಯಾಸ ಎಲ್ಲಿ ಮಾಡಬೇಕು, ವ್ಯಾನಿಟಿ ಬ್ಯಾಗಿನ ತಳದಿಂದ ಕರವಸ್ತ್ರ, ಬಸ್ ಪಾಸುಗಳ ನಡುವೆ ಅದನ್ನು ಹುಡುಕಿ ತೆಗೆಯಲು ಎಷ್ಟು ಹೊತ್ತು ಬೇಕು, ಇದ್ಯಾವುದೂ ಆ ಪೆಟ್ಟಿಗೆಯಲ್ಲಿರಲಿಲ್ಲ.

ಕೊನೆಗೆ ಮಾವ ಕೇಳಿದರು: "ಹುಡುಗಿಗೆ ಎಷ್ಟು ವರ್ಷ?" ಹತ್ತೊಂಬತ್ತು. ಇಪ್ಪತ್ತೊಂದು ತುಂಬದವರು ಕಾನೂನಿನ ಪ್ರಕಾರ ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಭಯ ಹೆಚ್ಚಿರುವ ವಯಸ್ಸಿಗೆ ನಿರ್ಭೀಕ್ ಇಲ್ಲ ಎಂದಾಯಿತು.

ಆಯುಧ ಹೆಂಗಸಿಗೆ ಒಗ್ಗದ್ದು ಎಂದು ನಾನು ಹೇಳುತ್ತಿಲ್ಲ. ಸುಳ್ಯ ಕಳೆದು ಸಂಪಾಜೆ ದಾಟಿದರೆ ಕೊಡಗು. ಅಲ್ಲಿ ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವವರಲ್ಲಿ ಹೆಂಗಸರೂ ಇರುತ್ತಾರೆ. ಅವರಿಗೆ ಕೋವಿ ಬಂದದ್ದು ಮನೆಯ ಬಳಕೆಯಿಂದ, ಉಡುಗೊರೆಯ ಪೆಟ್ಟಿಗೆಯಿಂದಲ್ಲ. ಬಂದೂಕಿನಿಂದ ಮನೆಯವರನ್ನು ಕಳೆದುಕೊಂಡ ಮಣಿಪುರದ ಹೆಂಗಸರಿಗಾಗಿ ಸಂಘಟನೆ ಕಟ್ಟಿದ ಬಿನಾಲಕ್ಷ್ಮಿ ನೇಪ್ರಾಂ ಅವರು, ಸತ್ತ ಹುಡುಗಿಯನ್ನು ನೆನಪಿಸುವ ಹೆಸರನ್ನು ರಿವಾಲ್ವರಿಗೆ ಇಟ್ಟದ್ದನ್ನು ಕಟುವಾಗಿಯೇ ಟೀಕಿಸಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ನನ್ನ ತಕರಾರು ಇದಕ್ಕಿಂತ ಸಣ್ಣದು. ಮೂವತ್ತು ವರ್ಷಗಳಲ್ಲಿ ನನ್ನ ಬಳಿ ಬಂದು ಅತ್ತ ಹುಡುಗಿಯರು ಕೆಲವರಿದ್ದಾರೆ. ಅವರಲ್ಲಿ ಒಬ್ಬಳೂ ಕತ್ತಲೆಯ ದಾರಿಯ ಅಪರಿಚಿತನ ಹೆಸರು ಹೇಳಲಿಲ್ಲ. ಹೇಳಿದ್ದೆಲ್ಲ ಮನೆಗೆ ಬಂದು ಹೋಗುವವರ, ಊಟಕ್ಕೆ ಪಕ್ಕದಲ್ಲಿ ಕೂರುವವರ ಹೆಸರು. ಒಬ್ಬಳಿಗೆ ಬೇಕಾಗಿದ್ದುದು ಅವಳ ಅಮ್ಮ ಅವಳ ಮಾತು ನಂಬುವುದು. ಅಷ್ಟನ್ನು ಮಾಡಿಸಲು ನನಗೆ ಎರಡು ತಿಂಗಳು ಹಿಡಿಯಿತು.

2023ರಲ್ಲಿ ಕಾನ್ಪುರದವರೇ 'ಪ್ರಬಲ್' ಎಂಬ ಹೊಸ .32 ತಂದರು. ಅದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ನಡು ಮುರಿಯಬೇಕಿಲ್ಲ. ಸುಧಾರಣೆಯೇ ಸರಿ. ಆದರೆ ಹೆಂಗಸರು ಪರ್ಸಿನಲ್ಲಿ ಇಟ್ಟುಕೊಳ್ಳಬಹುದು ಎಂಬ ಹಳೆಯ ಮಾತು ಮತ್ತೆ ಅದರ ಜೊತೆಗೂ ಬಂತು.

ಮಾವ 2021ರಲ್ಲಿ ತೀರಿಕೊಂಡರು. ಲೈಸೆನ್ಸ್‌ದಾರ ಹೋದ ಮೇಲೆ ಆಯುಧವನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ; ವಾರಸುದಾರರು ಅರ್ಜಿ ಹಾಕಬೇಕು, ಇಲ್ಲವೇ ಬಿಟ್ಟುಕೊಡಬೇಕು. ಅತ್ತೆ ತೋಟದ ಮನೆಯಲ್ಲಿ ಒಬ್ಬರೇ. ಎರಡನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ನಾನೇ ಒತ್ತಾಯಿಸಿದೆ. ಅದರಲ್ಲಿ ನನ್ನ ಆಸೆಯೂ ಸೇರಿತ್ತು. ಅತ್ತೆ ಉದ್ದ ಕೋವಿಗೆ ಮಾತ್ರ ಅರ್ಜಿ ಹಾಕಿದರು.

"ಮಂಗ ಬಂದರೆ ಗಾಳಿಗೆ ಒಂದು ಈಡು ಬಿಡಲಿಕ್ಕೆ ಅದು ಬೇಕು. ಈ ಸಣ್ಣದು ಎಂತಕ್ಕೆ ಮಾರಾಯ್ತಿ?"

"ಒಬ್ಬರೇ ಇದ್ದೀರಲ್ಲ ಅತ್ತೆ, ಹೆದರಿಕೆ ಆಗುವುದಿಲ್ಲವಾ?"

"ಆಗ್ತದೆ. ಇದು ದಿಂಬಿನಡಿಯಲ್ಲಿದ್ದರೆ ಇನ್ನೂ ಆಗ್ತದೆ."

ಅದು ಹೋಯಿತು. ಅದರ ಚರ್ಮದ ಚೀಲವನ್ನು ಅತ್ತೆ ನನಗೆ ಕೊಟ್ಟರು. ಕನ್ನಡಕ ಇಟ್ಟುಕೊಳ್ಳೋಣ ಎಂದು ನೋಡಿದೆ, ಬಾಯಿ ಸಣ್ಣದಾಯಿತು.