ಸುತ್ತಿಗೆಯೂ ಬೇಕಾಗುವ ಹೊಲಿಗೆ

ಅಂಗಡಿಯ ಜೀನ್ಸ್ ಸೊಂಟಕ್ಕೆ ಸರಿಹೋದರೆ ತೊಡೆಗೆ ಬಿಗಿ. ಮನೆಯಲ್ಲೇ ಹೊಲಿದದ್ದರ ಸುಖವೇ ಬೇರೆ. ಡೆನಿಮ್ ಮಾತ್ರ ಹಟಮಾರಿ: ಕತ್ತರಿಸುವ ಮುನ್ನ ಒಗೆದು ಒಣಗಿಸದಿದ್ದರೆ ಆಮೇಲೆ ಕುಗ್ಗಿ ಕೈಕೊಡುತ್ತದೆ. 16ನೇ ನಂಬರಿನ ಸೂಜಿ, ದಪ್ಪ ದಾರ ಬೇಕು. ತೊಡೆಸಂದಿಯಲ್ಲಿ ಹೊಲಿಗೆಗಳು ಕೂಡುವ ಕಡೆ ಬಟ್ಟೆ ಪದರ ಪದರವಾಗಿ ಗಂಟುಕಟ್ಟುತ್ತದೆ. ಅಲ್ಲಿ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ, ಮೋಟರನ್ನು ನಂಬದೆ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. (ಮೂರು ಸೂಜಿ ಮುರಿದ ಮೇಲೆ ಕಲಿತದ್ದು.)

ಜೇಬಿನ ಮೂಲೆಗೆ ತಾಮ್ರದ ರಿವೆಟ್ ಬಡಿಯುವಾಗ ನೆವಾಡಾದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್ ನೆನಪಾಗುತ್ತಾನೆ. ದುಡಿಯುವವರ ಪ್ಯಾಂಟು ಹರಿಯದಿರಲೆಂದು ಅವನು ಹೂಡಿದ ಉಪಾಯಕ್ಕೆ 1873ರಲ್ಲಿ, ಲೆವಿ ಸ್ಟ್ರಾಸ್ ಕಂಪನಿಯ ಜೊತೆಯಲ್ಲಿ, ಪೇಟೆಂಟ್ ಸಿಕ್ಕಿತು.

ಹೊಲಿಗೆ ಬಲ್ಲವರು ಒಮ್ಮೆ ಹೊಲಿದು ನೋಡಿ. ಮೊದಲನೆಯದಕ್ಕೆ ಅಗ್ಗದ ಬಟ್ಟೆ ಸಾಕು.