ಆಲೆ ಅಲ್ಲ ಮಾರಾಯ, ಏಲ್

ಸಿಯಾಟಲ್‌ಗೆ ಬಂದ ಹೊಸತು. ಅಂಗಡಿಯಲ್ಲಿ ಬಿಯರ್ ಸಾಲಿನ ಮುಂದೆ ನಿಂತು ಒಂದು ಬಾಟಲಿ ಮೇಲಿದ್ದ ಎ, ಎಲ್, ಇ ಅನ್ನೋ ಮೂರು ಅಕ್ಷರಗಳನ್ನ ನಾನು ಓದಿಕೊಂಡಿದ್ದು 'ಆಲೆ' ಅಂತ. ಸಾಗರದ ಕಡೆ ಹಳ್ಳಿಯಲ್ಲಿ ಏಳನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಓದಿದವನ ಕಣ್ಣಿಗೆ ಇನ್ನೇನು ಕಾಣಬೇಕು ಹೇಳಿ. ಜೊತೆಗಿದ್ದ ಗೆಳೆಯ "ಆಲೆ ಅಲ್ಲ ಮಾರಾಯ, ಏಲ್" ಅಂತ ಜೋರಾಗಿ ನಕ್ಕ. ನಂಗೆ ಮಾತ್ರ ಆ ಕ್ಷಣಕ್ಕೆ ಕೊಪ್ಪರಿಗೆ, ಕುದಿಯುವ ಕಬ್ಬಿನಹಾಲು, ಒಲೆಯ ಹೊಗೆ ಎಲ್ಲಾ ಒಟ್ಟಿಗೇ ನೆನಪಾಗಿತ್ತು. ಅದೇ ಕಾರಣಕ್ಕೆ ಆ ಬಾಟಲಿ ಬುಟ್ಟಿಗೆ ಬಿತ್ತು ಅಂತ ಈಗ ಅನ್ನಿಸತ್ತೆ. ಅದರ ಹೆಸರು ಅಲಾಸ್ಕನ್ ಆಂಬರ್.

ಅದಕ್ಕೂ ಮುಂಚೆ ನಾನು ಬಿಯರ್ ಕುಡಿದಿರಲಿಲ್ಲ ಅಂತಲ್ಲ. ಬಿಇ ಓದುವಾಗ ಹಾಸ್ಟೆಲ್ ಟೆರೇಸಿನಲ್ಲಿ ಕುಡಿದಿದ್ದೆ. ಐಸಿನಷ್ಟು ತಣ್ಣಗಿರಬೇಕು, ಬೇಗ ಮುಗೀಬೇಕು, ಅಷ್ಟೇ ಆಗಿನ ಸ್ಪೆಕ್. ರುಚಿ ಅನ್ನೋದು ಆ ಲೆಕ್ಕದಲ್ಲೇ ಇರಲಿಲ್ಲ. ಹಾಗೆ ಕುಡಿಯೋದಾದ್ರೆ ಆಂಬರ್ ಏಲ್ ತಗೊಳ್ಳೋದು ದುಡ್ಡು ದಂಡ.

ಮೊದಲು ಈ ಬಿಯರಿನ ಹುಟ್ಟಿನ ಬಗ್ಗೆ ಸ್ವಲ್ಪ. ಅಲಾಸ್ಕಾದ ರಾಜಧಾನಿ ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಅದರ ಹಿಂದೆ ಹಿಮ. ಬಾರ್ಲಿ, ಹಾಪ್ಸ್, ಬಾಟಲಿ ಎಲ್ಲಾ ಹಡಗಿನಲ್ಲೇ ಬರಬೇಕು. ಅಂಥ ಕಡೆ 1986ರಲ್ಲಿ ಮಾರ್ಸಿ ಮತ್ತು ಜೆಫ್ ಲಾರ್ಸನ್ ಅನ್ನೋ ಇಪ್ಪತ್ತೆಂಟು ವರ್ಷದ ಗಂಡ ಹೆಂಡತಿ ಬ್ರೂವರಿ ಶುರು ಮಾಡಿದ್ರು. ಜೆಫ್ ಕೆಮಿಕಲ್ ಇಂಜಿನಿಯರ್, ಮನೆಯಲ್ಲೇ ಬಿಯರ್ ಮಾಡೋ ಹವ್ಯಾಸ ಇದ್ದವರು. ಜೂನೋದ ಎದುರಿಗಿರೋ ಡಗ್ಲಸ್ ದ್ವೀಪದಲ್ಲಿ ಚಿನ್ನದ ಗಣಿಗಳ ಕಾಲದಲ್ಲಿ, 1899ರಿಂದ 1907ರವರೆಗೆ ಒಂದು ಬ್ರೂವರಿ ಇತ್ತು. ಅಲ್ಲಿ ಎಂಥಾ ಬಿಯರ್ ಮಾಡ್ತಿದ್ರು ಅನ್ನೋದನ್ನ ಮಾರ್ಸಿ ಹಳೇ ದಾಖಲೆಗಳಲ್ಲಿ ಹುಡುಕಿ ತೆಗೆದರು. ಅದನ್ನೇ ಆಧಾರ ಮಾಡಿಕೊಂಡು ಹುಟ್ಟಿದ್ದು ಈ ಆಂಬರ್. 1988ರಲ್ಲಿ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ಗೆ ಬಂದ ಜನ ಓಟು ಹಾಕಿ ಇದನ್ನೇ ಮೊದಲನೇದು ಅಂತ ಆರಿಸಿದ್ರು.

ಕಟ್ಟುನಿಟ್ಟಾಗಿ ಹೇಳೋದಾದ್ರೆ ಇದು ಜರ್ಮನಿಯ ಡಸೆಲ್‌ಡಾರ್ಫ್ ಕಡೆಯ 'ಆಲ್ಟ್' ಜಾತಿಯದ್ದು. ಏಲ್ ಮಾಡೋ ಯೀಸ್ಟನ್ನೇ ಹಾಕ್ತಾರೆ, ಆದ್ರೆ ಬೇರೆ ಏಲ್‌ಗಳಿಗಿಂತ ತಣ್ಣಗಿನ ಜಾಗದಲ್ಲಿ, ನಿಧಾನಕ್ಕೆ ಹುದುಗಿಸ್ತಾರೆ. ಹಣ್ಣಿನ ವಾಸನೆ ಕಮ್ಮಿ, ಕಾಳಿನ ವಾಸನೆ ಜಾಸ್ತಿ. "ಹಾಗಾದ್ರೆ ಇದು ಆಂಬರ್ ಏಲೇ ಅಲ್ಲ" ಅಂತ ವಾದ ಮಾಡೋ ಪಂಡಿತರಿದ್ದಾರೆ. ನಂಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಆಂಬರ್ ಅನ್ನೋದು ಬಣ್ಣದ ಹೆಸರು. ಲಕ್ಷಾಂತರ ವರ್ಷ ಮಣ್ಣಲ್ಲಿ ಕೂತು ಕಲ್ಲಾದ ಮರದ ಅಂಟಿಗೆ ಆಂಬರ್ ಅಂತಾರೆ. ನಮ್ಮ ಬ್ಯಾಣದ ಮಾವಿನ ಮರದಲ್ಲಿ ಒಸರಿ ಬಿಸಿಲಿಗೆ ಹೊಳೀತಿದ್ದ ಅಂಟನ್ನ ನೋಡಿದವರಿಗೆ ಈ ಗ್ಲಾಸಿನ ಬಣ್ಣ ಬೇರೆ ಹೇಳಬೇಕಾಗಿಲ್ಲ.

ಆ ಬಣ್ಣ ಬರೋದು ಹೇಗೆ ಅನ್ನೋದೇ ಈ ಬಿಯರಿನ ಸ್ವಾರಸ್ಯ. ಬಾರ್ಲಿಯನ್ನ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ರೆ ಮಾಲ್ಟ್. ಮಕ್ಕಳಿಗೆ ರಾಗಿ ಮಾಲ್ಟ್ ಕುಡಿಸೋ ನಾಡಿನವರಿಗೆ ಇದು ಗೊತ್ತಿರೋದೇ. ಆದ್ರೆ ಕ್ಯಾರಮೆಲ್ ಮಾಲ್ಟ್ ಅಂತ ಒಂದಿದೆ. ಮೊಳಕೆ ಬಂದ ಕಾಳನ್ನ ಒಣಗಿಸದೆ, ಒದ್ದೆ ಇರುವಾಗಲೇ 65-70 ಡಿಗ್ರಿಯ ಬಿಸಿಯಲ್ಲಿ ಇಡ್ತಾರೆ. ಸಿಪ್ಪೆಯೊಳಗಿನ ಪಿಷ್ಟ ಅಲ್ಲೇ ಸಕ್ಕರೆ ಆಗತ್ತೆ. ಆಮೇಲೆ ಜೋರು ಶಾಖದಲ್ಲಿ ಹುರೀತಾರೆ, ಒಳಗಿನ ಸಕ್ಕರೆ ಕಂದಾಗಿ ಗಟ್ಟಿಯಾಗತ್ತೆ. ಅಂದ್ರೆ ಒಂದೊಂದು ಕಾಳೂ ಒಂದೊಂದು ಪುಟ್ಟ ಕೊಪ್ಪರಿಗೆ. ಅದರಲ್ಲಿ ಸ್ವಲ್ಪ ಭಾಗವನ್ನ ಯೀಸ್ಟ್ ತಿನ್ನೋಕಾಗಲ್ಲ, ಅದು ಸಿಹಿಯಾಗಿ ಬಿಯರಿನಲ್ಲೇ ಉಳಿಯತ್ತೆ. ನಾನು ಅಂಗಡಿಯಲ್ಲಿ ತಪ್ಪು ಓದಿದ್ದು ಪೂರ್ತಿ ತಪ್ಪೇನಲ್ಲ ನೋಡಿ.

ಈಗ ರುಚಿಗೆ ಬರೋಣ. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡೀಬೇಡಿ. ಹತ್ತು ನಿಮಿಷ ಹೊರಗಿಡಿ. ಬಾಟಲಿಯಿಂದ ನೇರ ಕುಡಿಯೋದಂತೂ ಬೇಡವೇ ಬೇಡ, ಗ್ಲಾಸಿಗೆ ಹಾಕಿ, ನೊರೆ ಬರಲಿ. ನೊರೆ ಇಳಿಯೋ ಮುಂಚೆ ಮೂಗು ಹತ್ತಿರ ತನ್ನಿ. ಇಂಗ್ಲಿಷಿನ ವಿಮರ್ಶಕರು ಇಲ್ಲಿ ಟಾಫಿ, ಬಿಸ್ಕೆಟ್, ಬ್ರೆಡ್ ಅಂತೆಲ್ಲಾ ಬರೀತಾರೆ. ವರ್ಷಗಟ್ಟಲೆ ನಾನೂ ಅದನ್ನೇ ಗಿಳಿಪಾಠ ಒಪ್ಪಿಸ್ತಿದ್ದೆ, ಟಾಫಿ ಅಂದ್ರೆ ಎಂಥದು ಅಂತ ಸರಿಯಾಗಿ ಗೊತ್ತಿಲ್ಲದೆ. ಒಂದು ದಿನ ಸುಮ್ನೆ ಕನ್ನಡದಲ್ಲಿ ಮೂಸಿ ನೋಡಿದೆ. ಜೋನಿಬೆಲ್ಲ. ಅದರ ಹಿಂದೆ, ಹೆಂಚಿನ ಮೇಲೆ ಒಂಚೂರು ಜಾಸ್ತಿ ಹೊತ್ತು ಇದ್ದ ಅಕ್ಕಿರೊಟ್ಟಿಯ ಅಂಚು. ಇನ್ನೂ ಹಿಂದೆ, ಬಹಳ ದೂರದಲ್ಲಿ, ಕಣಜದ ಬಾಗಿಲು ತೆಗೆದಾಗ ಬರೋ ಒಣ ಭತ್ತದ ವಾಸನೆ.

ಬಾಯಿಗೆ ಹಾಕಿದಾಗ ಮೊದಲು ಸಿಹಿ ಬರತ್ತೆ, ಆದ್ರೆ ನಾಲಿಗೆಗೆ ಅಂಟಲ್ಲ. ನಡುವೆ ಹುರಿದ ಕಾಳು. ಕೊನೇಲಿ ಕಹಿ. ಹಾಗಲಕಾಯಿಯ ಕಹಿ ಅಲ್ಲ, ಒಂದೆಲಗದ ತಂಬುಳಿ ಉಂಡಾದ ಮೇಲೆ ಗಂಟಲ ಹತ್ತಿರ ಒಂದು ಗಳಿಗೆ ನಿಂತು ಹೋಗತ್ತಲ್ಲ, ಅಷ್ಟು. ಕಹಿಯನ್ನ ಅಳೆಯೋ ಐಬಿಯು ಲೆಕ್ಕದಲ್ಲಿ ಇದು 18. ನಮ್ಮ ಆಫೀಸಿನವರು ಶುಕ್ರವಾರ ಸಂಜೆ ಕುಡಿಯೋ ಐಪಿಎಗಳಲ್ಲಿ ಅದು ಸಲೀಸಾಗಿ 60 ದಾಟತ್ತೆ. ಆಲ್ಕೋಹಾಲ್ 5.3 ಪರ್ಸೆಂಟ್.

ಈ ಐಪಿಎ ವಿಷಯ ಬಂತಲ್ಲ, ಹೇಳಿಬಿಡ್ತೀನಿ. ಅಮೆರಿಕದಲ್ಲಿ ಬೆಳೆಯೋ ಹಾಪ್ಸ್‌ನ ಬಹುಪಾಲು ನಾನಿರೋ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯದ್ದು. ಹಾಗಾಗಿ ಇಲ್ಲಿ ಎಲ್ಲರಿಗೂ ಹಾಪ್ಸ್ ಹುಚ್ಚು. ಚಕೋತ, ಪೈನ್ ಮರ, ಮಾವಿನಹಣ್ಣು ಅಂತ ವಾಸನೆಗಳ ಮೆರವಣಿಗೆ. ಆಂಬರ್ ತಗೊಂಡ್ರೆ "ಓ, ಇನ್ನೂ ಅದನ್ನೇ ಕುಡೀತೀಯಾ?" ಅಂತ ಕೇಳ್ತಾರೆ, ಹಳೇ ಪ್ರೋಗ್ರಾಮಿಂಗ್ ಭಾಷೇಲಿ ಕೋಡ್ ಬರೆಯೋನನ್ನ ಕೇಳಿದ ಹಾಗೆ. ಐಪಿಎ ನಾನೂ ಕುಡೀತೀನಿ, ಬೈತಿಲ್ಲ. ಆದ್ರೆ ಹಾಪ್ಸಿನ ಅಬ್ಬರದಲ್ಲಿ ಸಣ್ಣ ತಪ್ಪುಗಳು ಮುಚ್ಚಿಹೋಗ್ತವೆ. ಆಂಬರ್‌ನಲ್ಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲ. ಕಾಳು ಸ್ವಲ್ಪ ಹೆಚ್ಚು ಹುರಿದ್ರೆ ಸೀದ ವಾಸನೆ, ಕಮ್ಮಿ ಆದ್ರೆ ಸಪ್ಪೆ ಗಂಜಿ. ಎಲ್ಲಾ ಹದದ ಮೇಲೆ ನಿಂತಿದೆ.

ಹದ ಅಂದಾಗ ಚಿಕ್ಕಪ್ಪನ ವಿಷಯ ಹೇಳ್ಲೇಬೇಕು. ನಮ್ಮ ಕೇರಿಯ ಆಲೆಮನೆಯಲ್ಲಿ ಪಾಕ ನೋಡೋದು ಚಿಕ್ಕಪ್ಪನ ಕೆಲಸ. ಕುದಿಯೋ ಪಾಕದ ಒಂದು ಹನಿಯನ್ನ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ನಾಲಿಗೆ ತುದಿಗಿಟ್ಟು "ಇನ್ನೆರಡು ಕುದಿ" ಅಂದ್ರೆ ಎರಡೇ ಕುದಿ. ಅಷ್ಟು ಚುರುಕು ನಾಲಿಗೆ. ಅದೇ ಮನುಷ್ಯ ಸಂಜೆ ಪ್ಯಾಕೆಟ್ ಸಾರಾಯಿಯ ಮೂಲೆ ಕಚ್ಚಿ, ನಾಲಿಗೆಗೆ ತಾಗಿಸದೆ ಸೀದಾ ಗಂಟಲಿಗೆ ಸುರಿದುಕೊಳ್ತಿದ್ದ. ಕಣ್ಣು ಮುಚ್ಚಿ, ಮುಖ ಕಿವುಚಿಕೊಂಡು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ಚಿಕ್ಕಪ್ಪ ಅದನ್ನ ನೋಡೋಕೆ ಉಳಿದಿರಲಿಲ್ಲ. ಆಮೇಲೆ ನಮ್ಮನೆಯಲ್ಲಿ ಕುಡಿತ ಅನ್ನೋ ಶಬ್ದವನ್ನೇ ಯಾರೂ ಬಾಯಲ್ಲಿ ತರ್ತಿರಲಿಲ್ಲ. ಹಾಗಾಗಿ ನಾನು ಜೋನಿಬೆಲ್ಲ, ರೊಟ್ಟಿಯ ಅಂಚು ಅಂತ ಹೀಗೆ ರಸವತ್ತಾಗಿ ಬರೆಯುವಾಗ ಪ್ರತಿಸಲ ಒಂದು ಅಳುಕು ಇದ್ದೇ ಇರತ್ತೆ.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ರು. ಸಿಯಾಟಲ್‌ನಲ್ಲಿರೋರ ಅಪ್ಪ ಅಮ್ಮಂದಿರಿಗೆ ಅಲಾಸ್ಕಾ ಹಡಗಿನ ಪ್ರವಾಸ ಒಂಥರಾ ಕಾಶಿಯಾತ್ರೆ ಇದ್ದ ಹಾಗೆ, ಮಾಡಿಸ್ಲೇಬೇಕು. ಜೂನೋದಲ್ಲಿ ಇಳಿದಾಗ ಥೇಟ್ ನಮ್ಮೂರ ಜುಲೈ ತಿಂಗಳ ಮಳೆ, ಆಕಾಶ ಗುಡ್ಡದ ಮೇಲೇ ಕೂತಿತ್ತು. ಅಮ್ಮ ಹಡಗಿನಲ್ಲೇ ಉಳಿದಳು. ನಾನು "ಒಂದು ಫ್ಯಾಕ್ಟರಿ ನೋಡ್ಕೊಂಡು ಬರ್ತೀನಿ" ಅಂದೆ. ಅಪ್ಪ "ನಾನೂ ಬರ್ತೆ" ಅಂತ ಛತ್ರಿ ಹಿಡಕೊಂಡು ಹೊರಟೇಬಿಟ್ರು.

ಬ್ರೂವರಿ ಹೊಕ್ಕಾಗಲೇ ಅಪ್ಪನಿಗೆ ಇದು ಎಂಥಾ ಫ್ಯಾಕ್ಟರಿ ಅಂತ ಗೊತ್ತಾಗಿತ್ತು. ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ ಮೊದಲ ಪ್ರಶ್ನೆ, "ರಸ ತೆಗೆದ ಮೇಲೆ ಹಿಂಡಿ ಎಂತ ಮಾಡ್ತಾರೆ?" ದನ ಕಟ್ಟಿದವರ ಪ್ರಶ್ನೆ. ನಮ್ಮ ಕಡೆ ಬ್ರೂವರಿಯ ಬಾರ್ಲಿ ಹಿಂಡಿ ಹಾಲು ಕೊಡೋ ದನಗಳಿಗೆ ಹೋಗತ್ತೆ. ಜೂನೋದಲ್ಲಿ ದನಗಳೆಲ್ಲಿ? ಮೊದಲು ಹಿಂಡಿ ಒಣಗಿಸಿ ಹಡಗಿನಲ್ಲಿ ಕೆಳಗಿನ ರಾಜ್ಯಗಳಿಗೆ ಕಳಿಸ್ತಿದ್ರಂತೆ. ಈಗ ಒಣಗಿದ ಹಿಂಡಿಯನ್ನೇ ಬಾಯ್ಲರಿಗೆ ಹಾಕಿ ಉರಿಸ್ತಾರೆ, ಆ ಉಗಿಯಲ್ಲೇ ಮುಂದಿನ ಬಿಯರ್ ಕುದಿಯತ್ತೆ. ನಾನು ವಿವರಿಸಿದೆ. ಅಪ್ಪ "ಕಬ್ಬಿನ ಸಿಪ್ಪೆ ಒಲೆಗೆ ಹಾಕ್ದಂಗೆ" ಅಂದ್ರು. ಪರಿಸರದ ಬಗ್ಗೆ ನಾನು ಸಿದ್ಧ ಮಾಡಿಕೊಂಡಿದ್ದ ಭಾಷಣ ಅಲ್ಲಿಗೇ ನಿಂತಿತು.

ಟೇಸ್ಟಿಂಗ್ ರೂಮಿನಲ್ಲಿ ಪುಟ್ಟ ಗ್ಲಾಸುಗಳಲ್ಲಿ ಕೊಟ್ರು. ಆಲ್ಡರ್ ಕಟ್ಟಿಗೆಯ ಹೊಗೆಯಲ್ಲಿ ಮಾಲ್ಟ್ ಒಣಗಿಸಿ ಮಾಡೋ ಇವರ ಸ್ಮೋಕ್ಡ್ ಪೋರ್ಟರ್‌ಗೆ ದೊಡ್ಡ ಹೆಸರಿದೆ, ಅದರ ಬಗ್ಗೆ ಬೇರೆಯದೇ ಬರೀಬೇಕು. ನಾನು ಆಂಬರ್ ಹಿಡಿದಿದ್ದೆ. ಬಾಟಲಿಗಿಂತ ಇಲ್ಲಿ ಹುರಿದ ವಾಸನೆ ಚೊಕ್ಕವಾಗಿತ್ತು, ಸಿಹಿ ಒಂದು ಹೆಜ್ಜೆ ಹಿಂದೆ ನಿಂತಿತ್ತು. ಅಪ್ಪ ಕೈ ಚಾಚಿದ್ರು. ಕುಡೀತಾರಾ ಅಂತ ಗಾಬರಿ ಆಯ್ತು. ಗ್ಲಾಸನ್ನ ಮೂಗಿನ ಹತ್ತಿರ ಹಿಡಿದು ಒಂದು ನಿಮಿಷ ಸುಮ್ನಿದ್ರು. ಆಮೇಲೆ, "ಪಾಕ ಸ್ವಲ್ಪ ಮುಂದೆ ಹೋಗಿದೆ. ಅವ ಇದ್ದಿದ್ರೆ ಇನ್ನೊಂದು ಕುದಿ ಮೊದಲೇ ಇಳಿಸ್ತಿದ್ದ."

ಅವ ಅಂದ್ರೆ ಯಾರು ಅಂತ ಕೇಳೋ ಅಗತ್ಯ ಇರಲಿಲ್ಲ. ಅಷ್ಟೊಂದು ವರ್ಷದ ಮೇಲೆ ಅಪ್ಪ ತನ್ನ ತಮ್ಮನ ಮಾತೆತ್ತಿದ್ದು ಅದೇ ಮೊದಲು.

ಆ ತೀರ್ಪಿನ ಬಗ್ಗೆ ನಾನು ಬಹಳ ಯೋಚಿಸಿದೀನಿ. ಅಪ್ಪ ಹೇಳಿದ್ದು ಸರಿ. ಈ ಬಿಯರಿನ ಒಂದೇ ಒಂದು ಐಬು ಅದು. ಗ್ಲಾಸು ಬೆಚ್ಚಗಾಗ್ತಾ ಬಂದಂತೆ ಸಿಹಿ ಮುಂದಕ್ಕೆ ಬರತ್ತೆ, 18ರ ಕಹಿಗೆ ಅದನ್ನ ತಡೆಯೋ ಶಕ್ತಿ ಇಲ್ಲ. ಮೊದಲ ಬಾಟಲಿಯ ಕೊನೆಯ ಎರಡು ಗುಟುಕಲ್ಲೇ ನಾಲಿಗೆ ಸಾಕು ಅನ್ನತ್ತೆ. ಎರಡನೇದು ಒಡೆದ್ರೆ ಬರೀ ಬೆಲ್ಲದ ನೀರು. ಜೊತೆಗೆ ಉಪ್ಪು ಖಾರದ್ದೇನಾದ್ರೂ ಇದ್ರೆ ಸರಿಹೋಗತ್ತೆ. ಅಮ್ಮ ಊರಿಂದ ತಂದಿದ್ದ ಹಲಸಿನ ಹಪ್ಪಳಕ್ಕಿಂತ ಒಳ್ಳೇ ಜೋಡಿ ನಾನು ಕಂಡಿಲ್ಲ. ಹಳೇ ಬಾಟಲಿ ತಗೊಂಡು ನನ್ನ ಬೈಬೇಡಿ, ತಾರೀಖು ನೋಡಿ ತಗೊಳ್ಳಿ. ಹಳತಾದ್ರೆ ಒದ್ದೆ ರಟ್ಟಿನ ವಾಸನೆ ಬರತ್ತೆ. ಒಂದೇ ಬಾಟಲಿಗೆ, ನಿಧಾನಕ್ಕೆ, ಇಷ್ಟು ಹದವಾದ ಬಿಯರ್ ಈ ಊರಲ್ಲಿ ನಂಗೆ ಇನ್ನೊಂದು ಸಿಕ್ಕಿಲ್ಲ.

ವಾಪಸ್ ಹಡಗಿಗೆ ನಡೀತಾ ಅಪ್ಪ ಕೇಳಿದ್ರು, "ವಾರಕ್ಕೆ ಎಷ್ಟು?"

"ಎರಡು."

"ಅವನೂ ಮೊದಲು ಹಾಗೇ ಹೇಳ್ತಿದ್ದ."

ನಾನು ರುಚಿ ನೋಡೋದು ಬೇರೆ, ಕುಡಿಯೋದು ಬೇರೆ ಅಂತ ಏನೋ ಹೇಳೋಕೆ ಹೋದೆ. ಮಳೆ ಜೋರಾಯ್ತು. ಛತ್ರಿ ಒಂದೇ ಇದ್ದಿದ್ದು.

ಸಿಯಾಟಲ್‌ಗೆ ವಾಪಸ್ ಬಂದಾಗ ಫ್ರಿಜ್‌ನಲ್ಲಿ ಆರು ಬಾಟಲಿಯ ಒಂದು ಪ್ಯಾಕ್ ಇತ್ತು. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದ್ರೆ ದಿನಾ ಬೆಳಿಗ್ಗೆ ಕಾಫಿಗೆ ಹಾಲು ತೆಗೆಯೋಕೆ ಅಮ್ಮನಿಗಿಂತ ಮೊದಲು ಅವರೇ ಏಳ್ತಿದ್ರು. ಫ್ರಿಜ್ ಬಾಗಿಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದಿರ್ತಿತ್ತು. ಎರಡು ವಾರ ಬಿಟ್ಟು ಅವರು ಊರಿಗೆ ಹೊರಟ ದಿನ ಒಳಗೆ ಎರಡು ಬಾಟಲಿ ಉಳಿದಿದ್ವು.